ಕೂದಲಿಗಿಂತ ತೆಳುವಾದ ನಾಳಗಳ ಸಾಕ್ಷಿ

“ಇವಳೇ ಕಣಮ್ಮ ಮದ್ದು ಹಾಕಿರೋಳು! ತಲೆ ಕುಯ್ಯೋಕೂ ಹ್ಞೂಂ ಅಂದ್ಲಲ್ಲ, ಇನ್ನೇನು ಸಾಕ್ಷಿ ಬೇಕು ನಿಮ್ಗೆ?”

೧೯೮೪ರ ಒಂದು ಬೆಳಿಗ್ಗೆ ರಾಜಾಜಿನಗರದ ನಮ್ಮ ಆಸ್ಪತ್ರೆಯ ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಹೀಗೆ ಕೂಗಿದವರು ಕಾಮಾಕ್ಷಿಪಾಳ್ಯದ ಚಿಕ್ಕಗಂಗಮ್ಮ. ಅವರ ಬೆರಳು ಚಾಚಿದ್ದು ತೀರಿಕೊಂಡ ತಮ್ಮ ಮುನಿರಾಮಯ್ಯನವರ ಎರಡನೆಯ ಹೆಂಡತಿ ಇಂದ್ರಮ್ಮನ ಕಡೆಗೆ. ಆ ಕೂಗನ್ನು ತಣ್ಣಗೆ ಕೇಳಿಸಿಕೊಂಡವರು, ಅಂಗಾಂಶಗಳ ರೋಗಪರೀಕ್ಷೆಯಲ್ಲಿ ಪಶ್ಚಿಮ ಬೆಂಗಳೂರಿನ ವೈದ್ಯರೆಲ್ಲ ನೆಚ್ಚಿಕೊಂಡಿದ್ದ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಡಾಕ್ಟರ್ ಬಸವರಾಜೇಶ್ವರಿಯವರು. ಅಭಿನಂದನ ಗ್ರಂಥದ ಲೇಖನ ಬೈಗುಳದಿಂದ ತೊಡಗಬಾರದು, ಬಲ್ಲೆ. ಆದರೆ ಮೇಡಂ ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ಕೇಳಿಸುವ ದನಿ ಅದೇ.

ನಾನು ಅಲ್ಲಿಗೆ ಸೇರಿದ್ದು ಸೀಸೆ ತೊಳೆಯಲು. ಮೇಣದಲ್ಲಿ ಹುದುಗಿಸಿದ ಅಂಗಾಂಶವನ್ನು ತೆಳುವಾಗಿ ಕತ್ತರಿಸುವುದನ್ನು, ಗಾಜಿನ ಮೇಲೆ ಕೂರಿಸಿ ಬಣ್ಣ ಹಾಕುವುದನ್ನು ಅವರ ಪಕ್ಕ ನಿಂತು ಕಲಿತೆ. ಹೋಳು ಕೆಟ್ಟರೆ “ಕಿಟ್ಟಿ, ಬಾಳೆಕಾಯಿ ಹೆಚ್ತಾ ಇಲ್ಲ ಕಣಪ್ಪ” ಎನ್ನುವರೇ ಹೊರತು ಗದರಿದವರಲ್ಲ. ಕೆಂಗೇರಿಯಲ್ಲಿ ನನ್ನ ತಾಯಿ ಹಾಸಿಗೆ ಹಿಡಿದಾಗ ಭಾನುವಾರವೂ ಬಸ್ಸು ಹತ್ತಿ ಬಂದು ನೋಡಿ ಹೋದವರು.

ಮುನಿರಾಮಯ್ಯನವರಿಗೆ ಐವತ್ತೆಂಟು ವರ್ಷ. ಇಂದ್ರಮ್ಮ ಮನೆಗೆ ಬಂದ ಮರುವರ್ಷವೇ ಅವರಿಗೆ ಮರೆವು ಹಿಡಿಯಿತು. ಚಪ್ಪಲಿಯನ್ನು ಅಕ್ಕಿ ಡಬ್ಬದಲ್ಲಿಟ್ಟು ಬೀದಿಯೆಲ್ಲ ಹುಡುಕುತ್ತಿದ್ದರು. ಅನ್ನದಲ್ಲಿ ಏನೋ ಬೆರೆಸಿ ಗಂಡನ ಬುದ್ಧಿ ಕೆಡಿಸಿದ್ದಾಳೆಂದು ಓಣಿಯೇ ತೀರ್ಮಾನಿಸಿತು. ಇಂದ್ರಮ್ಮ ಮಾತ್ರ ಅವರನ್ನು ನಮ್ಮ ಆಸ್ಪತ್ರೆಗೆ ಕರೆತರುತ್ತಿದ್ದರು. ಒಂದು ಸಂಜೆ ಸ್ವಂತ ಮನೆಯ ತಿರುವು ಗುರುತು ಸಿಗದೆ ಮಾಗಡಿ ರಸ್ತೆಯ ನಡುವೆ ನಿಂತವರಿಗೆ ಲಾರಿ ಬಡಿಯಿತು. ಮಿದುಳನ್ನು ಪರೀಕ್ಷೆಗೆ ಕೊಡುವಿರಾ ಎಂದು ಮೇಡಂ ಕೇಳಿದರು; ಇಂದ್ರಮ್ಮ ಒಪ್ಪಿದರು. ಆ ಒಪ್ಪಿಗೆಯೇ ಅವರಿಗೆ ಉರುಳಾಯಿತು. ಮನೆಯಲ್ಲಿ ಅವರ ಕೈಯ ನೀರನ್ನೂ ಯಾರೂ ಮುಟ್ಟುತ್ತಿರಲಿಲ್ಲ. ತಿಂಗಳ ತಿಥಿ ಮುಗಿದೊಡನೆ ಆಚೆ ಹಾಕುವುದೆಂದು ನಿಶ್ಚಯವಾಗಿತ್ತು.

ನಾನೇ ಕತ್ತರಿಸಿದ ಆ ಮಿದುಳಿನ ಹೋಳುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ನಾನು ದಂಗಾಗಿದ್ದೆ. ಕಾಯಿಲೆ ಆಲ್ಜೈಮರ್ ಎಂದು ಮೇಡಂ ಹೇಳಿದಾಗ ಆ ಹೆಸರೇ ನನಗೆ ಹೊಸದು. ಮಿದುಳಿನ ಕೋಶಗಳು ಬಹುಪಾಲು ಇನ್ನೂ ಉಳಿದಿದ್ದವು; ಆದರೆ ಅವುಗಳ ನಡುವಿನ ಕೂದಲಿಗಿಂತ ತೆಳುವಾದ ರಕ್ತನಾಳಗಳು ಆಗಲೇ ತಿರುಚಿಕೊಂಡು, ಗೋಡೆ ದಪ್ಪಗಟ್ಟಿ, ಹಳೆಯ ನಲ್ಲಿಯೊಳಗಿನ ಗಸಿಯಂಥದ್ದೇನನ್ನೋ ಮೆತ್ತಿಕೊಂಡಿದ್ದವು. ಮರೆವು ಮೊಳೆಯುವ ಹೊತ್ತಿಗೇ ಇಷ್ಟು! “ಒಬ್ಬರ ಮಿದುಳಿಂದ ಲೋಕಕ್ಕೆ ಏನೂ ಹೇಳೋಕಾಗಲ್ಲ” ಎಂದರು ಮೇಡಂ. ಅಂದಿನಿಂದ ಇಂದಿನವರೆಗೆ, ಮನೆಮನೆಯವರ ಒಪ್ಪಿಗೆ ಬೇಡುತ್ತ, ಆ ಸಣ್ಣ ನಾಳಗಳ ಬೆನ್ನು ಬಿಟ್ಟಿಲ್ಲ. ಅವರ ಕಣ್ಣಿನ ಬೆಳಕು ಬಹುಕಾಲ ಮಾಸದಿರಲಿ, ಬಸವೇಶ್ವರನಗರದ ಅವರ ಮನೆಯ ಕಿಟಕಿಯ ಬಳಿ ಆ ಕೆಲಸ ಇನ್ನೂ ನೂರು ಗಾಜುಗಳಷ್ಟು ಬೆಳೆಯಲಿ, ಅವುಗಳಿಗೆ ಬಣ್ಣ ಹಾಕುವ ಭಾಗ್ಯ ನನಗಿರಲಿ.

ಆ ಬೆಳಿಗ್ಗೆಯ ಮಾತು ಅರ್ಧಕ್ಕೇ ನಿಂತಿತಲ್ಲ. ಚಿಕ್ಕಗಂಗಮ್ಮನವರ ಕೂಗು ಮುಗಿದ ಮೇಲೆ ಮೇಡಂ ಎದ್ದು ತಮ್ಮ ಕುರ್ಚಿಯನ್ನೇ ಎಳೆದುಕೊಟ್ಟರು.

“ಬನ್ನಿ ಅಮ್ಮ, ನೀವೇ ನೋಡಿ. ಇದು ನಿಮ್ಮ ತಮ್ಮನ ಮಿದುಳು.”

ಹೆತ್ತತಾಯಿಯಂತೆ ತಮ್ಮನನ್ನು ಸಾಕಿದವರಿಗೆ ಹೀಗೂ ಹೇಳುವುದುಂಟೆ!

“ಅಯ್ಯೋ ಶಿವನೇ!” ಎಂದು ಹಿಂದೆ ಸರಿದವರು, ಸ್ವಲ್ಪ ಹೊತ್ತಿನ ಮೇಲೆ ಕನ್ನಡಕ ತೆಗೆದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಮೇಡಂ ಒಂದೊಂದೇ ನಾಳ ತೋರಿಸಿದರು.

“ಮದ್ದಲ್ವಾ ಇದು?”

“ಅಲ್ಲ. ಯಾವ ಮದ್ದೂ ಹೀಗೆ ಗೋಡೆ ಕಟ್ಟಲ್ಲ. ಈಕೆ ಬರೋಕ್ ಮುಂಚೇನೇ ಶುರುವಾಗಿರಬೇಕು.”

“ಹಂಗಾದ್ರೆ ನಾನ್ ಹಾಕಿದ ಅನ್ನ ತಿನ್ನೋವಾಗ್ಲೇ...”

“ನಿಮ್ಮ ಅನ್ನದ್ದೂ ತಪ್ಪಲ್ಲ ಅಮ್ಮ.”

ಚಿಕ್ಕಗಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ಕುಸಿದರು. ಕ್ಯಾಂಟೀನಿನಿಂದ ನಾನು ತಂದಿಟ್ಟಿದ್ದ ಕಾಫಿಯನ್ನು ಇಂದ್ರಮ್ಮ ಲೋಟಕ್ಕೆ ಬಗ್ಗಿಸಿದರು. ಅದನ್ನು ಅತ್ತಿಗೆಯ ಕಡೆಗೆ ಚಾಚಿದರು.

“ಬಿಸಿ ಇದೆ ಅತ್ಗೆ.”

“ಗೊತ್ತು, ಕೊಡೇ.”

ಲೋಟದೊಳಕ್ಕೆ ಒಂದು ಗಳಿಗೆ ಇಣುಕಿ ನೋಡಿದ ಚಿಕ್ಕಗಂಗಮ್ಮ, ಎತ್ತಿ ಪೂರ್ತಿ ಕುಡಿದು, ಖಾಲಿ ಲೋಟವನ್ನು ಮತ್ತೆ ಇಂದ್ರಮ್ಮನ ಮುಂದೆ ಹಿಡಿದರು.