ಮಿರೆಯಾಳ ಬೆನ್ನ ಜೇಬಿನ ಸೀಬೆ ಹಲ್ವಾ

ಹುವಾಕಾ ಎಂಬ ಬೆಟ್ಟದೂರಿನ ಹುಡುಗಿ ಮಿರೆಯಾ ಪಸ್ಪುಯೆಲ್, ಸೈಕಲ್ ಪಂದ್ಯಗಳಲ್ಲಿ ಸೋಲುತ್ತಿದ್ದುದು ಯಾವಾಗಲೂ ಒಂದೇ ಜಾಗದಲ್ಲಿ, ಕೊನೆಯ ಏರಿನ ಅರ್ಧದಲ್ಲಿ. ಅಲ್ಲಿಯವರೆಗೆ ಮುಂದಿನ ಗುಂಪಿನಲ್ಲೇ ಇರುತ್ತಿದ್ದಳು. ಆಮೇಲೆ ಮುಖ ಬಿಳಿಚಿ, ಬೆರಳು ನಡುಗಿ, ಹಾಲಿನ ಕ್ಯಾನು ಹೊತ್ತ ಕತ್ತೆಯೂ ಹಿಂದೆ ಹಾಕುವಷ್ಟು ನಿಧಾನವಾಗುತ್ತಿದ್ದಳು. ಹೊಟ್ಟೆಯಲ್ಲಿ ಏನೂ ಉಳಿಯದೆ ಕಾಲು ಕೈಕೊಡುವ ಈ ಸ್ಥಿತಿಗೆ ಆ ಬೆಟ್ಟದ ಸವಾರರು 'ಬಿಳಿಚು' ಎನ್ನುತ್ತಾರೆ.

ಬೆಳಿಗ್ಗೆ ತಾಯಿ ಸೋಯ್ಲಾ ಜೊತೆ ಹಸುಗಳ ಹಾಲು ಕರೆದು, ಆಮೇಲೆ ಸೈಕಲ್ ಹತ್ತುವುದು ಅವಳ ದಿನಚರಿ. ಈ ವರ್ಷ ಎಲ್ ಆಂಖೆಲ್ ಊರಿನ ಪಂದ್ಯದಲ್ಲಿ ಮೊದಲ ಮೂವರನ್ನು ಪ್ರಾಂತ್ಯದ ತಂಡಕ್ಕೆ ಆರಿಸುವುದಿತ್ತು. ಅದೂ ಆಗದಿದ್ದರೆ ಸೈಕಲ್ಲನ್ನು ಚಿಕ್ಕಪ್ಪನ ಮಗಳಿಗೆ ಕೊಟ್ಟು ಚೀಸ್ ಮಾಡುತ್ತ ಕೂರುತ್ತೇನೆಂದು ಊಟಕ್ಕೆ ಕೂತ ನೆಂಟರೆಲ್ಲರ ಮುಂದೆ ಹೇಳಿಬಿಟ್ಟಿದ್ದಳು. ಇನ್ನು ಮಾತು ಹಿಂದೆಗೆದುಕೊಳ್ಳುವಂತಿರಲಿಲ್ಲ.

ಅವಳ ಸೈಕಲ್ ಕ್ಲಬ್ಬಿನವರು ಎಲ್ಲರ ಫೋನಿಗೂ ಒಂದು ಆ್ಯಪ್ ಹಾಕಿಸಿದರು. ತಿನ್ನುವ ಮೊದಲು ತಟ್ಟೆಯ ಫೋಟೋ ತೆಗೆಯಬೇಕು. ಕೀಟೊ ನಗರದಲ್ಲಿ ಕೂತ ಆಹಾರ ತರಬೇತುಗಾರ್ತಿ ಪಾವ್ಲಿನಾ ಅದನ್ನು ನೋಡಿ ಸಲಹೆ ಕೊಡುತ್ತಾಳೆ. ಮೊದಲ ವಾರವೇ ಎಡವಟ್ಟಾಯಿತು. ಊರವರೆಲ್ಲ ಸೇರಿ ಕಾಲುವೆಯ ಹೂಳೆತ್ತಿದ ದಿನ, ಎಂದಿನಂತೆ ನೆಲಕ್ಕೆ ಉದ್ದನೆಯ ಬಟ್ಟೆ ಹಾಸಿ ಮನೆಮನೆಯ ಆಲೂಗಡ್ಡೆ, ಅವರೆ, ಬೇಯಿಸಿದ ಜೋಳವನ್ನೆಲ್ಲ ಒಟ್ಟಿಗೆ ಸುರಿದರು. ತಟ್ಟೆಯೇ ಇರಲಿಲ್ಲ. ಮಿರೆಯಾ ಇಡೀ ಬಟ್ಟೆಯ ಫೋಟೋ ಕಳಿಸಿದಳು. ಆ್ಯಪ್ ಗಾಬರಿಯಿಂದ ಕೆಂಪಾಯಿತು. ಪಾವ್ಲಿನಾ ಫೋನ್ ಮಾಡಿದಳು.

"ಇದಿಷ್ಟೂ ನೀನೊಬ್ಬಳೇ ತಿಂದ್ಯಾ?"

"ಅಯ್ಯೋ, ಇಲ್ಲ ಮೇಡಂ. ಊರೇ ತಿಂತು."

"ಮತ್ತೆ ನಿನ್ನ ಪಾಲು ಯಾವುದು?"

"ಅದನ್ನ ಹೇಗೆ ಹೇಳ್ಲಿ? ಬಟ್ಟೆ ಮೇಲಿದ್ದಾಗ ಎಲ್ಲಾರ್ದೂ."

ಮಿಕ್ಕಂತೆ ಆ್ಯಪ್ ತುಂಬ ಹಸಿರೇ. ಬೆಳಗಿನ ಗಂಜಿಗೆ ಹಾಲು ಹೆಚ್ಚಾಯಿತು, ಸವಾರಿ ಮುಗಿದ ಕೂಡಲೇ ಮೊಟ್ಟೆ ಬಂತು. ಸವಾರಿಯ ನಡುವೆ ತಿನ್ನಲು ಎಲೆಯಲ್ಲಿ ಸುತ್ತಿದ ಸೀಬೆ ಹಲ್ವಾದ ತುಂಡುಗಳು ಅಂಗಿಯ ಬೆನ್ನ ಜೇಬಿಗೆ ಬಂದವು. ತಿನ್ನುವ ಹೊತ್ತಾಯಿತೆಂದು ಫೋನು ಕೂಗಿದಾಗಲೆಲ್ಲ ಒಂದು ತುಂಡು. 'ಮುಗಿಯಿತೇ?' ಎಂದು ಆ್ಯಪ್ ಕೇಳಿದರೆ ಮಿರೆಯಾ 'ಹೌದು' ಒತ್ತುತ್ತಿದ್ದಳು. ಸುಳ್ಳಲ್ಲ, ಜೇಬು ನಿಜಕ್ಕೂ ಖಾಲಿಯಾಗಿರುತ್ತಿತ್ತು. ಆದರೂ ಕೊನೆಯ ಏರಿನಲ್ಲಿ ಬಿಳಿಚುವುದು ತಪ್ಪಲಿಲ್ಲ. ಪಾವ್ಲಿನಾ ಹಲ್ವಾದ ತುಂಡು ದೊಡ್ಡದು ಮಾಡಿಸಿದಳು, ರಕ್ತ ಪರೀಕ್ಷೆ ಮಾಡಿಸಿದಳು. ಕೊನೆಗೆ ತಾನೇ ಬಸ್ಸು ಹತ್ತಿ ಬಂದು, ಅಭ್ಯಾಸದ ಸವಾರಿಯ ಹಿಂದೆ ಕ್ಲಬ್ಬಿನ ಜೀಪಿನಲ್ಲಿ ಕೂತಳು.

ಫೋನು ಕೂಗಿತು. ಮಿರೆಯಾ ಎಲೆ ಬಿಚ್ಚಿದಳು. ಎಡಕ್ಕೆ ನೋಡಿ ಒಂದು ಚೂರು ಮುರಿದು ಕೊಟ್ಟಳು, ಬಲಕ್ಕೆ ನೋಡಿ ಇನ್ನೊಂದು. ಹಿಂದಿನಿಂದ ಒಂದು ಕೈ ಬಂತು, ಅದಕ್ಕೂ ಕೊಟ್ಟಳು. ಬೆರಳಿಗೆ ಅಂಟಿದ್ದನ್ನು ತಾನು ನೆಕ್ಕಿದಳು. ಮುಂದಿನ ಸಲ ಫೋನು ಕೂಗುವ ಮೊದಲೇ ಅವಳ ಸುತ್ತ ಗುಂಪು ನೆರೆದಿತ್ತು.

ಪಾವ್ಲಿನಾ ಜೀಪಿನಿಂದ ತಲೆ ಹೊರಹಾಕಿ ಕಿರುಚಿದಳು: "ಏನೇ ಇದು, ಛತ್ರ ನಡೆಸ್ತಿದ್ದೀಯಾ?"

"ಪಕ್ಕದಲ್ಲಿರೋರ ಎದುರಿಗೆ ನಾನೊಬ್ಬಳೇ ಹೇಗೆ ತಿನ್ಲಿ ಮೇಡಂ?"

"ಅವರು ನಿನ್ನ ಸೋಲಿಸೋಕೆ ಬಂದಿರೋರು ಕಣೇ!"

"ಸೋಲಿಸ್ಲಿ ಬಿಡಿ. ಅವರಿಗೂ ಹಸಿವಾಗಲ್ವಾ?"

ಅಭ್ಯಾಸಕ್ಕೆಂದು ತುಲ್ಕಾನಿನಿಂದ ಬಂದಿದ್ದ ನಥಾಲಿ ಬಾಯಿ ತುಂಬ ಹಲ್ವಾ ಇಟ್ಟುಕೊಂಡೇ ಹೇಳಿದಳು: "ಇವಳಿಗೆ ಬುದ್ಧಿ ಹೇಳ್ಬೇಡಿ ಮೇಡಂ. ಪುಣ್ಯಾತ್ಗಿತ್ತಿ, ಹೀಗೇ ಇರ್ಲಿ."

ಹಿಂದೆ ಸರಿದು ಯಾರಿಗೂ ಕಾಣದಂತೆ ತಿನ್ನು ಎಂದಳು ಪಾವ್ಲಿನಾ. ಮಿರೆಯಾ ಪ್ರಯತ್ನಿಸಿದಳು, ಗಂಟಲಲ್ಲಿ ಇಳಿಯಲಿಲ್ಲ. "ಕಳ್ಳಿ ಥರ ಅನ್ನಿಸ್ತು," ಎಂದಳು. ಆ ರಾತ್ರಿಯ ಊಟಕ್ಕೆ ಪಾವ್ಲಿನಾ ಮಿರೆಯಾಳ ಮನೆಯಲ್ಲೇ ಉಳಿದಳು. ಬೆಲ್ಲದ ಪಾಕ ಸುರಿದ ಚೀಸ್ ಎಲ್ಲರ ತಟ್ಟೆಗೂ ಬೀಳುವವರೆಗೆ ಯಾರೂ ಬಾಯಿಗಿಡಲಿಲ್ಲ. ಬಿದ್ದದ್ದೇ ತಡ, ಎಲ್ಲರಿಗಿಂತ ಮೊದಲು ತಟ್ಟೆ ಬರಿದು ಮಾಡಿದವಳು ಮಿರೆಯಾ. ಪಾವ್ಲಿನಾ ಚಮಚ ಕೆಳಗಿಟ್ಟಳು.

"ಪಂದ್ಯ ಶುರುವಾಗೋ ಮೊದ್ಲೇ ಎಲ್ಲಾರಿಗೂ ಹಂಚಿಬಿಡು. ಆಮೇಲೆ ನಿನ್ನ ಜೇಬಿನದು ನಿಂದು."

ಮಿರೆಯಾ ಯೋಚಿಸಿ ಹೇಳಿದಳು: "ಅದಾಗುತ್ತೆ."

ಸೋಯ್ಲಾ ನಿಟ್ಟುಸಿರಿಟ್ಟರು: "ಅಂದ್ರೆ ಅಷ್ಟೂ ಜನಕ್ಕೆ ಹಲ್ವಾ ಕತ್ತರಿಸೋಳು ನಾನು."

ಪಂದ್ಯದ ಬೆಳಿಗ್ಗೆ ಮಿರೆಯಾ ಬುಟ್ಟಿ ಹಿಡಿದು, ಹೊರಡಲು ನಿಂತ ಸವಾರರ ಸಾಲಿನುದ್ದಕ್ಕೂ ಹಲ್ವಾದ ಪೊಟ್ಟಣ ಹಂಚಿದಳು. ಇಬಾರ್ರಾದ ಹುಡುಗಿಯೊಬ್ಬಳು ಪೊಟ್ಟಣ ಮೂಸಿ ನೋಡಿದಳು. "ಇದರಲ್ಲಿ ಏನು ಹಾಕಿದ್ದೀಯಾ?"

"ಸೀಬೆ, ಸಕ್ಕರೆ, ಅಮ್ಮನ ಬೈಗುಳ."

ಆ ದಿನ ಫೋನು ಕೂಗಿದಾಗಲೆಲ್ಲ ಮಿರೆಯಾ "ತಿನ್ರೇ!" ಎಂದು ಕೂಗಿ, ಇಡೀ ತುಂಡನ್ನು ಬಾಯಿಗೆ ಹಾಕಿಕೊಂಡಳು. ಕೊನೆಯ ಏರಿನ ಅರ್ಧ ಬಂತು, ಕಾಲುಗಳು ತುಳಿಯುತ್ತಲೇ ಇದ್ದವು. ತೊಂದರೆಯೆಂದರೆ ನಥಾಲಿಯೂ ಹೊಟ್ಟೆ ತುಂಬ ತಿಂದಿದ್ದಳು. ಅವಳೂ ಇನ್ನೊಬ್ಬಳೂ ಮುಂದೆ ಹೋಗಿಬಿಟ್ಟರು. ಮೂರನೆಯವಳಾಗಿ ಇಬಾರ್ರಾದ ಹುಡುಗಿ ಏರುತ್ತಿದ್ದಳು, ಮುಖ ಸುಣ್ಣದಂತೆ ಬಿಳಿಚಿತ್ತು. ಮಿರೆಯಾ ಅವಳ ಪಕ್ಕಕ್ಕೆ ಬಂದಳು. ದಾಟಬೇಕಾದವಳು ದಾಟಲಿಲ್ಲ.

"ನಾನು ಕೊಟ್ಟಿದ್ದು ಎಲ್ಲಿ?"

"ಜೇಬಲ್ಲಿದೆ."

"ತಿನ್ನೇ ಹುಚ್ಚಿ!"

ಹುಡುಗಿಯ ಬೆರಳಿಗೆ ಎಲೆ ಬಿಚ್ಚಲಾಗಲಿಲ್ಲ. ಮಿರೆಯಾ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಪೊಟ್ಟಣವನ್ನು ಹಲ್ಲಿನಿಂದ ಹರಿದು ಕೊಟ್ಟಳು. ಹಿಂದಿನಿಂದ ಜೀಪಿನ ಹಾರನ್ ಒಂದೇ ಸಮನೆ ಕೂಗುತ್ತಿತ್ತು. ಅದನ್ನು ಒತ್ತುತ್ತಿದ್ದವಳು ಪಾವ್ಲಿನಾ. ಹುಡುಗಿ ಅಗಿಯತೊಡಗಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಮಿರೆಯಾ ಪೆಡಲ್ ಮೇಲೆ ಎದ್ದು ನಿಂತು ಹೊರಟಳು, ಮೂರನೆಯವಳಾಗಿ ಗೆರೆ ದಾಟಿದಳು.

ಸಂಜೆ ಚಿಕ್ಕಪ್ಪನ ಮಗಳು ಸೈಕಲ್ ಒಯ್ಯಲು ಬಂದಿದ್ದಳು. ಅವಳಿಗೆ ಹೊಟ್ಟೆ ತುಂಬ ಊಟ ಹಾಕಿ, ಚೀಸ್ ಕಟ್ಟಿಕೊಟ್ಟು, ನಡೆದೇ ಹೋಗುವಂತೆ ಕಳಿಸಿದರು.