ಕಾವಲುಗಾರನ ತಲೆಗೆ ಕಟ್ಟಿದ ಕುಸಿತ

ಯಾರದೇ ಜೇಬಿನಲ್ಲಿ ಸೂಜಿಯಿದ್ದರೂ ಪತ್ತೆ ಹಚ್ಚುತ್ತಾಳೆಂದು ಅವಳಿಗೆ ಸೂಜಿ ಮೇಡಂ ಎಂದೇ ಹೆಸರು. ಭೂಮಿಯ ಕಾಂತಶಕ್ತಿಯ ಏರಿಳಿತ ಅಳೆಯುವ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷಗಳಿಂದ ವೀಕ್ಷಕಿ. ಮಾಪಕಗಳಿರುವ, ಹಿತ್ತಾಳೆ ಮೊಳೆ ಹೊಡೆದ ಮರದ ಕೋಣೆಗೆ ಹೋಗುವ ಮುನ್ನ ಕೀಲಿಕೈ, ಗಡಿಯಾರ, ಹೇರ್‌ಪಿನ್ನು ಎಲ್ಲವನ್ನೂ ಹೊರಗೆ ತೆಗೆದಿಡುತ್ತಾಳೆ. ಕಬ್ಬಿಣ ಹತ್ತಿರ ಸುಳಿದರೆ ಲೆಕ್ಕ ಕೆಡುತ್ತದೆ.

ಹಾಗಾಗಿ ಕಾವಲುಗಾರನ ಸೈಕಲ್ ಕಂಡರೆ ಅವಳಿಗೆ ಮೈಯೆಲ್ಲ ಉರಿ. ಬೇಲಿಯಾಚೆ ನಿಲ್ಲಿಸು ಎಂದು ಎರಡು ಸಲ ಗದರಿದ್ದಳು. ಮಾರ್ಚ್‌ನ ಒಂದು ಬೆಳಿಗ್ಗೆ ಗ್ರಾಫ್ ನೋಡಿದರೆ, ನಸುಕಿನಲ್ಲಿ ಗೆರೆ ಧಡಕ್ಕನೆ ಕುಸಿದು ಗಂಟೆಯೊಳಗೆ ನಿಧಾನವಾಗಿ ಮೇಲೆ ಬಂದಿತ್ತು. ದಿನಚರಿಯಲ್ಲಿ 'ಕಬ್ಬಿಣದ ಅಡಚಣೆ, ಕಾವಲುಗಾರನ ಸೈಕಲ್' ಎಂದು ಬರೆದು ಆ ಗಂಟೆಯ ಅಂಕಿಗಳನ್ನೇ ವರದಿಯಿಂದ ಅಳಿಸಿದಳು. ಅವನನ್ನು ಕೆಲಸದಿಂದ ತೆಗೆದರು.

ಜೂನ್‌ನಲ್ಲಿ ಉತ್ತರದ ಕೇಂದ್ರದಿಂದ ಪತ್ರ ಬಂತು. ಸೂರ್ಯನಿಂದ ಬೀಸುವ ಕಣಗಳ ಗಾಳಿ ತುಂಬಿಸಿದ್ದ ಶಕ್ತಿಯನ್ನು ಮಾರ್ಚ್‌ನ ಆ ನಸುಕಿನಲ್ಲಿ ಭೂಮಿಯ ಸುತ್ತಲಿನ ಕಾಂತಗೋಳ ಒಮ್ಮೆಲೇ ಕೊಡವಿಕೊಂಡಿತ್ತು; ಉತ್ತರದ ಆಕಾಶದಲ್ಲಿ ಧ್ರುವಪ್ರಭೆಯ ಬೆಳಕು ಭುಗಿಲೆದ್ದಿತ್ತು. ಸುತ್ತಲ ಕೇಂದ್ರಗಳ ಗೆರೆಗಳೆಲ್ಲ ಅದೇ ನಿಮಿಷ ಕುಸಿದಿವೆ, ನಿಮ್ಮಲ್ಲಿ ಮಾತ್ರ ಆ ಗಂಟೆ ಖಾಲಿ ಏಕೆ ಎಂದು ಕೇಳಿದ್ದರು.

"ಮೂಲ ಕಡತದಿಂದ ಅಂಕಿ ವಾಪಸ್ ಹಾಕಿ, ಮುಗೀತು," ಎಂದರು ಕೇಂದ್ರದ ಮುಖ್ಯಸ್ಥರು.

"ಸೈಕಲ್ ವಿಷ್ಯ ಸಾರ್?"

"ಅದನ್ಯಾಕೆ ಕೆದಕ್ತೀರಿ?"

ಸೈಕಲ್ ಬಂದರೆ ಗೆರೆ ಮೆಟ್ಟಿಲಿನಂತೆ ತಟ್ಟನೆ ಇಳಿದು, ಹೋದರೆ ತಟ್ಟನೆಯೇ ಏರುತ್ತದೆ; ನಿಧಾನವಾಗಿ ಅಲ್ಲ. ಹೊಸಬರಿಗೆ ಇದನ್ನು ಕಲಿಸುತ್ತಿದ್ದವಳು ಅವಳೇ. ಆ ಬೆಳಿಗ್ಗೆ ಗೆರೆ ನೋಡುವ ಮೊದಲೇ ಅವಳ ತೀರ್ಪು ತಯಾರಿತ್ತು.

ದಿನಚರಿಯ ಆ ಸಾಲನ್ನು ಹೊಡೆದುಹಾಕಿ 'ತಪ್ಪು ನನ್ನದು' ಎಂದು ಸಹಿ ಮಾಡಿದಳು. ಶನಿವಾರ ಮಧ್ಯಾಹ್ನ, ಕಾವಲುಗಾರ ಈಗ ಮೂಟೆ ಹೊರುವ ಗೋದಾಮಿಗೆ ಹೋಗಿ ಎಲ್ಲ ಹೇಳಿದಳು.

"ಆವತ್ತು ಸೈಕಲ್ ಪಂಕ್ಚರ್ ಆಗಿತ್ತಕ್ಕ, ನಡ್ಕೊಂಡೇ ಬಂದಿದ್ದೆ ಅಂತ ಬಡ್ಕೊಂಡೆ. ನೀವು ಕಿವಿಗೇ ಹಾಕ್ಕೊಳ್ಳಿಲ್ಲ."

"ಹೌದು. ಹಾಕ್ಕೊಳ್ಳಿಲ್ಲ."

"ಹಂಗಾದ್ರೆ ಅದು ಆಕಾಶದ ಕೆಲ್ಸ ಅನ್ನಿ!" ಅವನು ಜೋರಾಗಿ ನಕ್ಕ. "ಅಷ್ಟು ದೊಡ್ಡೋರು ಮಾಡಿದ್ದಕ್ಕೆ ನನ್ನ ತಲೆನೇ ಸಿಕ್ತಾ?"

ಕೆಲಸ ವಾಪಸ್ ಕೊಡಿಸಲು ಮುಖ್ಯಸ್ಥರನ್ನು ಕೇಳುತ್ತೇನೆ ಎಂದಳು. ಅವನ ನಗು ನಿಂತಿತು.

"ಕೆಲ್ಸ ಆಮೇಲೆ. ಮೊದ್ಲು ಮನೆಗೆ ಬನ್ನಿ. ಓದಿದೋರು ಬರೆದಿದ್ದು ಸುಳ್ಳಾಗುತ್ತಾ ಅಂತ ಹೆಂಡ್ತಿ ಇನ್ನೂ ನನ್ನೇ ಬೈತಾಳೆ. ನೀವೇ ಹೇಳಿ ಅವಳಿಗೆ."

ಅವನು ಹೆಗಲ ಧೂಳು ಕೊಡವಿ ಹೊರಟ. ಹಿಂದೆಯೇ ನಡೆಯುತ್ತ ಅವಳು ಅವನ ಹೆಂಡತಿಗೆ ಹೇಳಬೇಕಾದ ಮೊದಲ ಮಾತನ್ನು ಹುಡುಕಿದಳು. ಮನೆಯ ಬಾಗಿಲು ತೆರೆದಾಗ ದಿನಚರಿಯಲ್ಲಿ ಬರೆದದ್ದನ್ನೇ ಹೇಳಿದಳು: "ತಪ್ಪು ನನ್ನದು."