ಗೋಡೆಯ ಮೇಲಿನವರ ಭಾಷೆ

ಬಾಯಿಯ ವಿಷಯದಲ್ಲಿ ನನಗೆ ಸಂಕೋಚ ಎಂಬುದೇ ಇಲ್ಲ. ಎಂಬತ್ತರ ದಶಕದ ನಡುವಿನಿಂದ ಹದಿನಾಲ್ಕು ವರ್ಷ ಮಸ್ಕತ್ತಿನಲ್ಲಿದ್ದೆ. ಅಷ್ಟು ವರ್ಷಗಳಲ್ಲಿ ನನ್ನ ಬಾಯಿ ಕಟ್ಟಿಸಿದವರು ಒಬ್ಬರೇ ಒಬ್ಬರು. ಅವರು ವಕೀಲರೂ ಅಲ್ಲ, ಅರ್ಥಧಾರಿಯೂ ಅಲ್ಲ, ಊರ ಹೊರಗೆ ಬರ್ಕಾದ ಕೆಲಸಗಾರರ ಕ್ಯಾಂಪಿನಲ್ಲಿದ್ದ ಕಲ್ಲು ಕಟ್ಟುವ ಮೇಸ್ತ್ರಿ. ಆದರೆ ಅವರಲ್ಲಿಗೆ ಹೋಗುವ ಮೊದಲು ಯೆರೂಸಲೇಮಿನ ಮುತ್ತಿಗೆಯ ಕಥೆ ಹೇಳಲೇಬೇಕು. ಯಾಕೆಂದರೆ ಆ ಮುತ್ತಿಗೆಯಲ್ಲಿ ನಾನು ಶತ್ರುಪಕ್ಷದ ದೂತನಾಗಿದ್ದೆ.

ಆಗ ನನಗೆ ಅಲ್ ಖುವೈರಿನ ಒಂದು ಕಟ್ಟಡ ಕಂಪನಿಯಲ್ಲಿ ಕೆಲಸ. ಕೆಲಸಗಾರರ ವೀಸಾ, ರಜೆ, ಪಾಸ್‌ಪೋರ್ಟು ಎಲ್ಲ ನನ್ನ ಕೈಯಲ್ಲಿ. ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ನಾವು ಕರಾವಳಿಯವರು ಯಾರದಾದರೂ ಫ್ಲ್ಯಾಟಿನಲ್ಲಿ ಸೇರಿ ತಾಳಮದ್ದಳೆ ಮಾಡುತ್ತಿದ್ದೆವು. ವೇಷ ಇಲ್ಲ, ಕುಣಿತ ಇಲ್ಲ. ಸೋಫಾಗಳನ್ನು ಬಾಲ್ಕನಿಗೆ ನೂಕಿ ಚಾಪೆ ಹಾಸಿದರೆ ಅದೇ ರಂಗಸ್ಥಳ. ಖುರುಮಿನ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದ ಭಾಗವತರು ಪದ್ಯ ಹೇಳಿದರೆ, ಪಾತ್ರ ವಹಿಸಿದವರು ಕುಳಿತಲ್ಲೇ ಆ ಪಾತ್ರವಾಗಿ ವಾದ ಹೂಡಬೇಕು. ಇದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ, ಹೇಳುವವನು ಅರ್ಥಧಾರಿ; ಬರೆದಿಟ್ಟ ಮಾತು ಒಂದೂ ಇಲ್ಲ. ನನ್ನ ಎದುರು ಕೂರಲು ಜನ ಹಿಂದೆ ಮುಂದೆ ನೋಡುತ್ತಿದ್ದರು. ಇದು ಜಂಬದ ಮಾತಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ನಮ್ಮ ಆಫೀಸಿನಲ್ಲೇ ಅಕೌಂಟ್ಸ್ ನೋಡುತ್ತಿದ್ದ ಗೆಳೆಯನೊಬ್ಬನಿದ್ದ. ಉಡುಪಿ ಕಡೆಯ ಕ್ರಿಶ್ಚಿಯನ್, ಯಕ್ಷಗಾನದ ಹುಚ್ಚು ನನಗಿಂತ ಹೆಚ್ಚು. ಒಂದು ಡಿಸೆಂಬರಿನಲ್ಲಿ ಅವನು ಶುರುಮಾಡಿದ: “ಎಂತ ಮಾರಾಯ, ವರ್ಷವಿಡೀ ಅದೇ ನಾಲ್ಕು ಪ್ರಸಂಗ! ನಮ್ಮ ಬೈಬಲಿನಲ್ಲಿ ಯುದ್ಧ ಇಲ್ಲ ಅಂತ ಗ್ರಹಿಸಿದ್ಯಾ? ಬೇಕಾದಷ್ಟು ಉಂಟು.”

ಉಂಟು ಅಂದರೆ ಉಂಟೇ! ಇಸ್ರೇಲಿನ ಹನ್ನೆರಡು ಕುಲಗಳು ಹೊರಗಿನವರ ಜೊತೆಗೂ ಹೊಡೆದಾಡಿದವು, ಒಳಗೊಳಗೂ ಹೊಡೆದಾಡಿದವು. ಕೊನೆಗೆ ರಾಜ್ಯ ಎರಡು ಪಾಲಾಯಿತು. ಉತ್ತರದವರ ರಾಜಧಾನಿಯನ್ನು ಒಮ್ಮೆ ಶತ್ರು ಸುತ್ತುವರಿದಾಗ ಒಳಗಿನವರು ಕತ್ತೆಯ ತಲೆಯನ್ನೂ ಬಿಡದೆ ತಿಂದರಂತೆ. ಮುಂದೆ ಅಶ್ಶೂರ ಎಂಬ ದೊಡ್ಡ ರಾಜ್ಯದವರು ಬಂದು ಮೂರು ವರ್ಷ ಸುತ್ತ ಕುಳಿತು ಅದನ್ನು ಮುಗಿಸಿಯೇಬಿಟ್ಟರು. ಆಮೇಲೆ ದಕ್ಷಿಣದ ಯೆಹೂದದ ಸರದಿ. ಕೋಟೆಯ ಗೋಡೆ ಎತ್ತರವಾಯಿತೇ, ಅಶ್ಶೂರದವರು ಕಲ್ಲು ಮಣ್ಣು ಸುರಿದು ಗೋಡೆಯ ತಲೆಯವರೆಗೆ ಇಳಿಜಾರು ದಾರಿಯನ್ನೇ ಕಟ್ಟುತ್ತಿದ್ದರು. ಹೀಗೆ ಒಂದೊಂದೇ ಊರು ಬಿದ್ದು ಯೆರೂಸಲೇಮೊಂದು ಉಳಿಯಿತು.

ಅಲ್ಲಿಯ ಅರಸ ಜಾಣ. ಊರ ಹೊರಗಿನ ಬುಗ್ಗೆಯನ್ನು ಮುಚ್ಚಿಸಿ, ಬಂಡೆಯೊಳಗೆ ಸುರಂಗ ಕೊರೆಸಿ, ನೀರನ್ನು ಗೋಡೆಯ ಒಳಕ್ಕೆ ತಂದ. ಎರಡು ತಂಡ, ಎರಡು ತುದಿಯಿಂದ ಅಗೆದದ್ದಂತೆ. ನಾನು ಕಟ್ಟಡ ಕಂಪನಿಯವನಲ್ಲವೇ, ತಕ್ಷಣ ಕೇಳಿದೆ: “ನಡುವೆ ಸರಿಯಾಗಿ ಕೂಡಿತಾ?”

“ಹತ್ತಿರ ಬಂದಾಗ ಒಬ್ಬರ ಸ್ವರ ಒಬ್ಬರಿಗೆ ಕೇಳಿತಂತೆ. ಸ್ವರ ಹಿಡಿದು ಅಗೆದ್ರು.”

ನಮ್ಮ ಸೈಟಿನಲ್ಲಿ ಎರಡು ಚರಂಡಿ ಪೈಪು ಒಂದೇ ಗೆರೆಗೆ ಬರುತ್ತಿರಲಿಲ್ಲ, ದುರ್ಬೀನಿನಂಥ ಉಪಕರಣ ಇಟ್ಟುಕೊಂಡೂ! ಆ ಅರಸನ ಮೇಲೆ ನನಗೆ ಅವತ್ತೇ ಗೌರವ ಹುಟ್ಟಿತು. ಆದರೆ ನಾನು ಆರಿಸಿಕೊಂಡದ್ದು ಅಶ್ಶೂರದ ದೂತನ ಪಾತ್ರವನ್ನು. ಅರ್ಥಧಾರಿಗೆ ಅದಕ್ಕಿಂತ ಒಳ್ಳೆಯ ಪಾತ್ರ ಬೇರೆಲ್ಲಿ ಸಿಗಬೇಕು? ದೊಡ್ಡ ಸೈನ್ಯವನ್ನು ಬೆನ್ನಿಗಿಟ್ಟುಕೊಂಡು ಬಂದ ಅವನು ಬಾಣ ಬಿಡುವುದಿಲ್ಲ, ಏಣಿ ಹಾಕುವುದಿಲ್ಲ. ಗೋಡೆಯ ಕೆಳಗೆ ನಿಂತು ಮಾತಾಡುತ್ತಾನೆ. ಅದೂ ಯೆಹೂದದವರ ಭಾಷೆಯಲ್ಲೇ. ಅರಸನ ಮಂತ್ರಿಗಳು ಗಾಬರಿಯಾಗಿ, ‘ಪರಭಾಷೆಯಲ್ಲಿ ಹೇಳಿ, ನಮಗೆ ಅರ್ಥವಾಗುತ್ತದೆ, ಗೋಡೆಯ ಮೇಲಿನ ಜನ ಕೇಳಿಸಿಕೊಳ್ಳುತ್ತಿದ್ದಾರೆ’ ಎಂದು ಬೇಡುತ್ತಾರೆ. ಇವನು ಸ್ವರ ಇನ್ನಷ್ಟು ಏರಿಸುತ್ತಾನೆ. ನಿಮ್ಮ ಅರಸನನ್ನು ನಂಬಿ ಕೆಡಬೇಡಿ, ಹೊರಗೆ ಬನ್ನಿ, ನಿಮ್ಮ ನಿಮ್ಮ ಅಂಜೂರದ ಮರದ ಹಣ್ಣು ತಿಂದುಕೊಂಡು ಸುಖವಾಗಿರಿ, ಆಮೇಲೆ ನಿಮ್ಮ ದೇಶದಂಥದೇ ಇನ್ನೊಂದು ದೇಶಕ್ಕೆ ಕರೆದೊಯ್ಯುತ್ತೇನೆ ಎಂದು ಆಸೆ ಹುಟ್ಟಿಸುತ್ತಾನೆ.

ಆ ಶುಕ್ರವಾರ ನಾನು ಮುಕ್ಕಾಲು ಗಂಟೆ ಅರ್ಥ ಹೇಳಿದೆ. ಮನೆ ತುಂಬ ಜನ. ಬರ್ಕಾದ ಕ್ಯಾಂಪಿನಿಂದಲೂ ಹತ್ತು ಹನ್ನೆರಡು ಮಂದಿ ಕಂಪನಿಯ ಪಿಕಪ್ಪಿನಲ್ಲಿ ಬಂದಿದ್ದರು, ಮೇಸ್ತ್ರಿಯೂ ಇದ್ದರು. ನನ್ನ ಎದುರು ಮಂತ್ರಿಯಾಗಿ ಕುಳಿತ ಗೆಳೆಯನ ಸರದಿ ಬಂತು. ಅವನು ತುಟಿ ಬಿಚ್ಚಲಿಲ್ಲ. ಭಾಗವತರು ಪದ್ಯವನ್ನು ಮತ್ತೊಮ್ಮೆ ಹೇಳಿದರು. ಊಹೂಂ! ಯಾರೋ “ಮರ್ತು ಹೋಯ್ತಾ ಹೇಗೆ?” ಎಂದು ನಕ್ಕರು. ನಾನು ಗೆದ್ದವನ ಗತ್ತಿನಲ್ಲಿ ಗೋಳಿಬಜೆಯ ತಟ್ಟೆಗೆ ಕೈ ಹಾಕಿದೆ.

“ಮರ್ತದ್ದಲ್ಲ,” ಎಂದ ಗೆಳೆಯ ಆಮೇಲೆ. “ಅರಸನ ಅಪ್ಪಣೆ ಉಂಟು, ಯಾರೂ ಉತ್ತರ ಕೊಡ್ಬಾರ್ದು ಅಂತ. ಕಥೆಯಲ್ಲಿ ಹಾಗೇ ಇರುವುದು. ಕೊನೆಗೆ ಅಶ್ಶೂರದವ್ರು ಹೇಳದೆ ಕೇಳದೆ ಡೇರೆ ಕಿತ್ತುಕೊಂಡು ಹೋದ್ರು.”

“ತಾಳಮದ್ದಳೆಯಲ್ಲಿ ಸುಮ್ಮನೆ ಕೂತವ ಸೋತ ಹಾಗೆ ಮಾರಾಯ!”

“ಮುತ್ತಿಗೆಯಲ್ಲಿ ಹಾಗಲ್ಲ,” ಎಂದ.

ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಈಗ ಮೇಸ್ತ್ರಿಯ ವಿಷಯ. ಆ ತಾಳಮದ್ದಳೆಗೆ ಒಂದೂವರೆ ವರ್ಷ ಹಿಂದೆ ಬರ್ಕಾದ ಕೆಲಸಕ್ಕೆ ಜನ ಬೇಕೆಂದು ಕಂಪನಿ ನನ್ನನ್ನೇ ಮಂಗಳೂರಿಗೆ ಕಳಿಸಿತ್ತು. ಬಂಟ್ವಾಳದ ಕಡೆ ಹಳ್ಳಿ ಹಳ್ಳಿ ತಿರುಗಿ ನಲವತ್ತು ಮಂದಿಯನ್ನು ಒಟ್ಟುಮಾಡಿ ನಾನಿಳಿದಿದ್ದ ಲಾಡ್ಜಿಗೆ ಕರೆತಂದವರು ಈ ಮೇಸ್ತ್ರಿ. ಐವತ್ತು ದಾಟಿದ ಮಿತಭಾಷಿ. “ಎರಡು ವರ್ಷ ಆದ ಕೂಡ್ಲೇ ರಜೆ ಸಿಗ್ತದಾ ಸಾರ್?” ಎಂದು ಅವರು ಕೇಳಿದ್ದು ಒಂದೇ ಪ್ರಶ್ನೆ. ನಾನು ಎದ್ದು ನಿಂತು ತುಳುವಿನಲ್ಲಿ, “ಉಂದು ಎನ್ನ ಪಾತೆರ” ಎಂದೆ. ಇದು ನನ್ನ ಮಾತು ಎಂದು. ತುಳುವಿನಲ್ಲಿ ಪಾತೆರ ಎಂದರೆ ಆಡುವ ಮಾತೂ ಹೌದು, ಕೊಡುವ ಮಾತೂ ಹೌದು.

ಎರಡು ವರ್ಷ ತುಂಬಿತು. ಕೆಲಸ ಮುಗಿದಿರಲಿಲ್ಲ. ಮುಗಿಯುವವರೆಗೆ ಯಾರಿಗೂ ರಜೆ ಇಲ್ಲ, ಪಾಸ್‌ಪೋರ್ಟು ಆಫೀಸಿನಲ್ಲೇ ಇರಲಿ ಎಂದು ಆರ್ಡರ್ ಬಂತು. ನಾನು ಮ್ಯಾನೇಜರಿಗೆ ಹೇಳಿ ನೋಡಿದೆ, ಅವರು ಫೈಲಿನಿಂದ ಕಣ್ಣೆತ್ತಲಿಲ್ಲ. ಜೂನ್ ತಿಂಗಳ ಒಂದು ಬೆಳಗ್ಗೆ ಕ್ಯಾಂಪಿನ ನಲವತ್ತು ಮಂದಿಯೂ ಕೆಲಸಕ್ಕೆ ಹೊರಡಲಿಲ್ಲ. ಗೇಟಿಗೆ ಒಳಗಿನಿಂದ ಸರಪಳಿ ಬಿಗಿದು ಕುಳಿತರು. ಗಲಾಟೆ ಇಲ್ಲ, ಘೋಷಣೆ ಇಲ್ಲ.

ಮ್ಯಾನೇಜರು ಬೊಂಬಾಯಿಯವರು. ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಬರ್ಕಾಕ್ಕೆ ಹೊರಟರು. “ನಿಮ್ಮ ಜನ, ನಿಮ್ಮ ಭಾಷೆ. ನೀವು ಹೇಳಿದ್ರೆ ಕೇಳ್ತಾರೆ,” ಎಂದು ಹಿಂದಿಯಲ್ಲಿ ಹೇಳಿದರು. ಕೋಣೆಗೊಂದು ಹೊಸ ಕೂಲರು, ಮೆಸ್ಸಿಗೆ ಟೀವಿ, ಶುಕ್ರವಾರ ಕೋಳಿ, ರಜೆ ಆರು ತಿಂಗಳ ಮೇಲೆ. ಇದಿಷ್ಟೂ ನಾನು ಹೇಳಬೇಕಾದದ್ದು. “ಸಂಜೆಯೊಳಗೆ ಹೊರಗೆ ಬರದಿದ್ರೆ ನಾಳೆಯಿಂದ ನೀರಿನ ಟ್ಯಾಂಕರ್ ಬಂದ್. ಎರಡೇ ದಿನ, ಖಲಾಸ್.”

ಜೂನಿನಲ್ಲಿ, ಬರ್ಕಾದಲ್ಲಿ, ನೀರು ಬಂದ್! ನನಗೆ ಮೈಯೆಲ್ಲ ಉರಿಯಿತು. ಆದರೆ ಸತ್ಯ ಹೇಳಬೇಕು, ಆ ಉರಿಯೂ ನನ್ನ ನಂಬಿಕೆಯನ್ನೇ ಹೆಚ್ಚಿಸಿತು. ಟ್ಯಾಂಕರ್ ನಿಲ್ಲಿಸುವ ಪ್ರಸಂಗವೇ ಬರದಂತೆ ನನ್ನ ಮಾತಿನಲ್ಲೇ ಇವರನ್ನು ಹೊರಗೆ ತರುತ್ತೇನೆ, ಅದು ಅವರಿಗೂ ಒಳ್ಳೆಯದು ಎಂದುಕೊಂಡೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅರ್ಥ ಜೋಡಿಸಿದೆ.

ಮ್ಯಾನೇಜರು ಎ.ಸಿ. ಹಾಕಿಕೊಂಡು ಕಾರಿನಲ್ಲೇ ಕುಳಿತರು, ನನ್ನ ಸ್ವರ ಕೇಳಿಸಲೆಂದು ಕಿಟಕಿಯ ಗಾಜು ಮಾತ್ರ ಅರ್ಧ ಇಳಿಸಿದರು. ನಮ್ಮ ಡ್ರೈವರು, ಉಳ್ಳಾಲದ ಬ್ಯಾರಿ, ಕಾರಿಗೆ ಒರಗಿ ನಿಂತ. ನಾನು ಗೇಟಿನ ಮುಂದೆ ನಿಂತೆ. ಒಳಗಿನವರು ಕಾಂಪೌಂಡಿನ ಗೋಡೆಗೆ ಬೆಂಚು ಹಾಕಿ ಹತ್ತಿ ನೋಡುತ್ತಿದ್ದರು, ಕೆಲವರು ತಾರಸಿಯ ಮೇಲಿದ್ದರು. ತುಳುವಿನಲ್ಲಿ ಶುರುಮಾಡಿದೆ. ಊರಿನ ದೈವಗಳನ್ನು ನೆನೆದೆ, ಅವರ ಅಪ್ಪ ಅಮ್ಮಂದಿರನ್ನು ವಿಚಾರಿಸಿದೆ. ಕೂಲರನ್ನು ವರ್ಣಿಸಿದೆ. ಟೀವಿಯನ್ನು ಅದಕ್ಕಿಂತ ಚೆನ್ನಾಗಿ ವರ್ಣಿಸಿದೆ. ಆರು ತಿಂಗಳು ಎಂದರೆ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಎಂದೆ. ನಗಿಸಲು ನೋಡಿದೆ. ನಲವತ್ತು ಮುಖಗಳಲ್ಲಿ ಒಂದೂ ಅಲುಗಲಿಲ್ಲ, ಒಬ್ಬನೂ ಕೆಮ್ಮಲಿಲ್ಲ. ಆಗ ನನಗೆ ಹೊಳೆಯಿತು, ನಾನು ಯಾರ ಅರ್ಥ ಹೇಳುತ್ತಿದ್ದೇನೆ ಎಂದು.

ಮೇಸ್ತ್ರಿ ಕೆಳಗಿಳಿದು ಗೇಟಿನ ಸರಳಿನ ಹತ್ತಿರ ಬಂದರು. ನನಗೊಬ್ಬನಿಗೇ ಕೇಳುವಷ್ಟು ಸಣ್ಣ ಸ್ವರದಲ್ಲಿ ತುಳುವಿನಲ್ಲೇ ಹೇಳಿದರು:

“ಸಾರ್, ಇದನ್ನು ಹಿಂದಿಯಲ್ಲಿ ಹೇಳಿ ನೀವು.”

“ಯಾಕೆ ಮೇಸ್ತ್ರಿ? ಹಿಂದಿ ಅರ್ಧ ಜನಕ್ಕೆ ಸರಿಯಾಗಿ ಬರುವುದಿಲ್ಲ.”

“ಅದಕ್ಕೇ ಹೇಳಿದ್ದು. ತುಳುವಿನಲ್ಲಿ ಹೇಳಿದ್ರೆ ಹುಡುಗ್ರು ನಂಬ್ತಾರೆ.”

ಕೋಪ ಇರಲಿಲ್ಲ ಆ ಮಾತಿನಲ್ಲಿ, ಬೇಡಿಕೊಂಡ ಹಾಗಿತ್ತು. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆ ಎಂದರೆ ಏನೆಂದು ನನಗೆ ಆ ಬಿಸಿಲಿನಲ್ಲಿ ತಿಳಿಯಿತು. ಇವರು ಎರಡು ವರ್ಷ ಇಲ್ಲಿ ಬೆವರು ಸುರಿಸಿದ್ದು ಕಂಪನಿಯ ಕಾಗದ ನಂಬಿಕೊಂಡಲ್ಲ, ಲಾಡ್ಜಿನಲ್ಲಿ ನಾನು ಆಡಿದ ಒಂದು ಪಾತೆರವನ್ನು ನಂಬಿಕೊಂಡು. ಅದನ್ನು ಅಳಿಸುವುದಕ್ಕೆ ಅದೇ ಬಾಯಿಯನ್ನು ತಂದಿದ್ದೇನೆ!

ನನ್ನ ಸ್ವಭಾವಕ್ಕೆ ನಾಚಿಕೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೊದಲು ಮ್ಯಾನೇಜರಿಗೆ ಕೇಳುವಂತೆ ಗಟ್ಟಿಯಾಗಿ ಹಿಂದಿಯಲ್ಲಿ ಕೂಲರು, ಟೀವಿ, ಕೋಳಿ, ಟ್ಯಾಂಕರು ಎಲ್ಲವನ್ನೂ ಒಪ್ಪಿಸಿದೆ. ಆಮೇಲೆ ಅದೇ ಸ್ವರ, ಅದೇ ಕೈ ಬೀಸಾಟ, ಭಾಷೆ ಮಾತ್ರ ತುಳು:

“ನಾನು ಈಗ ಹೇಳಿದ್ದು ಒಂದೂ ನಂಬಬೇಡಿ! ಮುಂದಿನ ವಾರ ಸ್ಲ್ಯಾಬ್ ಹಾಕದಿದ್ರೆ ಕಂಪನಿಗೆ ಉಸಿರಾಡ್ಲಿಕ್ಕಿಲ್ಲ. ಹೊಸ ಜನಕ್ಕೆ ವೀಸಾ ಬರ್ಬೇಕಾದ್ರೆ ಎರಡು ತಿಂಗಳು ಬೇಕು, ಅರ್ಜಿ ಹಾಕುವವನು ನಾನೇ, ನನಗೆ ಗೊತ್ತುಂಟು. ನೀವು ನಾಲ್ಕು ದಿನ ಕೂತ್ಕೊಳ್ಳಿ. ಟ್ಯಾಂಕರ್ ಮಾತ್ರ ಖಂಡಿತ ನಿಲ್ಲಿಸ್ತಾರೆ, ನೀರಿಗೆ ಎಂತ ಮಾಡ್ತೀರಿ?”

ಮೇಸ್ತ್ರಿ ಕಣ್ಣಿನಲ್ಲೇ ಹಿಂದಿನ ಗೋಡೆ ತೋರಿಸಿದರು. ಪಕ್ಕದ ಖರ್ಜೂರದ ತೋಟದಿಂದ ಒಂದು ಕಪ್ಪು ಪೈಪು ಗೋಡೆ ಹತ್ತಿ ಒಳಗಿನ ಡ್ರಮ್ಮಿಗೆ ಇಳಿದಿತ್ತು. ತೋಟದ ಯಜಮಾನ ವಯಸ್ಸಾದ ಒಮಾನಿ. ಹಿಂದಿನ ವರ್ಷ ಅವನ ಬಾವಿಯ ಕಟ್ಟೆ ಕುಸಿದಾಗ ಮೇಸ್ತ್ರಿ ರಜಾದಿನದಲ್ಲಿ ಹೋಗಿ ಕಟ್ಟಿಕೊಟ್ಟಿದ್ದರಂತೆ. ನನಗೆ ಅಷ್ಟು ಬಿಸಿಲಿನಲ್ಲೂ ಕುಣಿಯುವಷ್ಟು ಖುಷಿಯಾಯಿತು.

“ಆ ಪೈಪಿನ ಮೇಲೆ ಒಂದು ಗೋಣಿ ಹಾಕಿ ಮಾರಾಯ್ರೆ, ಕಾರಿನಿಂದ ಕಾಣ್ತದೆ!” ಎಂದು ಕೂಗಿ, ಮ್ಯಾನೇಜರಿನ ಸಮಾಧಾನಕ್ಕೆ ಕೈ ಮುಗಿದು ಮಾತು ಮುಗಿಸಿದೆ.

ಕಾರು ಹೊರಟ ಮೇಲೆ ಮ್ಯಾನೇಜರು ಕೇಳಿದರು: “ಹಿಂದಿಯಲ್ಲಿ ಎರಡು ನಿಮಿಷ, ನಿಮ್ಮ ಭಾಷೆಯಲ್ಲಿ ಅಷ್ಟುದ್ದ. ಏನು ಹೇಳಿದಿರಿ?”

ನಾನು ಬಾಯಿ ತೆರೆಯುವ ಮೊದಲೇ ಡ್ರೈವರು, “ವಹೀ ಬಾತ್ ಸಾಬ್, ಥೋಡಾ ಲಂಬಾ ಕರ್ಕೆ,” ಎಂದ. ಅದೇ ಮಾತು, ಸ್ವಲ್ಪ ಉದ್ದ ಮಾಡಿ ಎಂದು. ಅವನಿಗೆ ತುಳು ನನ್ನಷ್ಟೇ ಚೆನ್ನಾಗಿ ಬರುತ್ತಿತ್ತು. ರಸ್ತೆಯಿಂದ ಕಣ್ಣು ಆಚೀಚೆ ಮಾಡದೆ ಗಾಡಿ ಓಡಿಸಿದ.

ಐದನೆಯ ದಿನ ಕಂಪನಿ ಮಣಿಯಿತು. ಅರ್ಧ ಜನರಿಗೆ ಸ್ಲ್ಯಾಬ್ ಮುಗಿದ ಕೂಡಲೇ ರಜೆ, ಉಳಿದವರಿಗೆ ನಾಲ್ಕು ತಿಂಗಳ ನಂತರ. ಸರಪಳಿ ಬಿಚ್ಚಿಸಲು ಈ ಸಲ ನಾನೊಬ್ಬನೇ ಹೋಗಿ, ಎರಡನೆಯ ತಂಡಕ್ಕೂ ನನ್ನದೇ ಮಾತು ಎಂದು ಎದೆ ತಟ್ಟಿ ಹೇಳಿ ಬಂದೆ. ಮೊದಲ ತಂಡದ ಪಟ್ಟಿಯ ಮೊದಲ ಹೆಸರು ಮೇಸ್ತ್ರಿಯದು, ನಾನೇ ಬರೆದದ್ದು. ಅವರ ಒಬ್ಬಳೇ ಮಗಳಿಗೆ ಏಳನೆಯ ತಿಂಗಳು, ಇವರು ತಲುಪಿದ ಮೇಲೆ ಸೀಮಂತ ಎಂದು ದಿನ ಹಿಡಿದಿದ್ದರು.

ಪಾಸ್‌ಪೋರ್ಟು ಹಂಚುವ ದಿನ ಅವರು ಆಫೀಸಿಗೆ ಬಂದು ತಮ್ಮದನ್ನು ಮೇಜಿನ ಮೇಲೆ ನನ್ನ ಕಡೆಗೇ ಸರಿಸಿದರು.

“ನನ್ನ ಬದಲಿಗೆ ಬೇರೆ ಯಾರನ್ನಾದ್ರೂ ಕಳಿಸಿ ಸಾರ್. ನಾನು ಎರಡನೇ ತಂಡದಲ್ಲಿ, ಕೊನೆಗೆ ಹೋಗ್ತೇನೆ.”

ನನಗೆ ಸಿಟ್ಟು ನೆತ್ತಿಗೇರಿತು. “ಮಗಳ ಸೀಮಂತ ಬಿಟ್ಟು? ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ವಾ ಮೇಸ್ತ್ರಿ? ನಾನು ಮಾತು ಕೊಟ್ಟಿದ್ದೇನೆ!”

“ಮಾತು ಕೊಟ್ಟದ್ದು ನೀವು ಸಾರ್,” ಎಂದರು, “ಹುಡುಗ್ರು ನಂಬಿದ್ದು ನನ್ನನ್ನು. ಅವರ ಮನೆ ಬಾಗಿಲಿಗೆ ಹೋಗಿ ಕರ್ಕೊಂಡು ಬಂದವ ನಾನು.”

ನಾನು ಪಾಸ್‌ಪೋರ್ಟನ್ನು ತೆಗೆದು ಮತ್ತೆ ಕಪಾಟಿನಲ್ಲಿಟ್ಟೆ. ಎರಡನೆಯ ತಂಡವನ್ನು ಹೇಳಿದ ತಿಂಗಳಿಗೆ ಸರಿಯಾಗಿ ಹೊರಡಿಸಿದೆ, ಮ್ಯಾನೇಜರಿನ ಜೊತೆ ಮೂರು ಸಲ ಜಗಳವಾಡಿ. ಅಷ್ಟರಲ್ಲಿ ಮೇಸ್ತ್ರಿಯ ಮೊಮ್ಮಗಳಿಗೆ ನಲವತ್ತು ದಿನ ತುಂಬಿತ್ತು.